ಸುಮಿತ್ರಾಬಾಯಿಯ ಪಾವಟಗಿ ಪರೀಕ್ಷೆ

ಭಾರತೀಯ ವಾಯುಪಡೆಗೆ ಇಂದಿಗೂ ತಿಳಿಯದ ಸಂಗತಿಯೊಂದಿದೆ. ಕಳೆದ ಶತಮಾನ ಮುಗಿಯುವ ಹೊತ್ತಿಗೆ ಅದರ ಅತ್ಯಂತ ಕಟ್ಟುನಿಟ್ಟಿನ ಪರೀಕ್ಷಕಿ ಇಂಡಿ ಪಟ್ಟಣದ ಒಂದು ಓಣಿಯಲ್ಲಿ, ಪಡಸಾಲೆಯ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆಕೆಗೆ ಹುದ್ದೆ ಇರಲಿಲ್ಲ, ಸಮವಸ್ತ್ರ ಇರಲಿಲ್ಲ. ವಿಮಾನವೆಂದರೆ ಆಕೆಯ ಮಟ್ಟಿಗೆ ಆಕಾಶದಲ್ಲಿ ಸುಣ್ಣದ ಗೆರೆ ಎಳೆದುಕೊಂಡು ಹೋಗುವ ಒಂದು ಬೆಳ್ಳಿಯ ಸೂಜಿ. ಆದರೂ ಆಕೆ "ಫೇಲ್" ಎಂದರೆ ಫೇಲ್, ಮೇಲ್ಮನವಿಗೆ ಅವಕಾಶವಿರಲಿಲ್ಲ.

ಆಕೆಯ ಹೆಸರು ಸುಮಿತ್ರಾಬಾಯಿ. ತವರು ಬಾಗೇವಾಡಿ ಕಡೆಯ ಮುಳವಾಡ. ನಾಲ್ಕನೆಯ ಇಯತ್ತೆ ಮುಗಿಸಿ ಶಾಲೆಗೆ ಶರಣು ಹೊಡೆದು, ಮುಂದೆ ಮದುವೆಯಾಗಿ ಇಂಡಿಗೆ ಬಂದಾಗ ಬಳುವಳಿಯಾಗಿ ಏನೇನು ತಂದಳೋ ಗೊತ್ತಿಲ್ಲ, ಎರಡು ಅಂಗೈ ಮಾತ್ರ ತಂದಳು. ಆ ಅಂಗೈಗಳು ಕೊಣಮಿಗೆಯ ಮರದ ಹರಿವಾಣದಲ್ಲಿ ರೊಟ್ಟಿ ಬಡಿಯಲು ಕುಳಿತರೆ ಅದರ ತಾಳ ಒಂದು ಕೂದಲೆಳೆಯಷ್ಟೂ ಹಿಂದೆ ಮುಂದೆ ಆಗುತ್ತಿರಲಿಲ್ಲ. ಮಾತಾಡುತ್ತ ಬಡಿದರೂ ಅಷ್ಟೇ, ಜಗಳವಾಡುತ್ತ ಬಡಿದರೂ ಅಷ್ಟೇ. ಮೂಲೆಯ ಖಾನಾವಳಿಗೆ ಆಕೆಯ ಮನೆಯಿಂದಲೇ ರೊಟ್ಟಿ ಹೋಗುತ್ತಿದ್ದುದರಿಂದ ಆ ತಾಳ ದಿನವಿಡೀ ಓಣಿಯಲ್ಲಿ ತುಂಬಿರುತ್ತಿತ್ತು. ಎದುರು ಮನೆಯ ಕೂಸು ಅದಕ್ಕೇ ಮಲಗುತ್ತಿತ್ತು. ಪಕ್ಕದ ಮನೆಯ ಮುದುಕ ಅದಕ್ಕೇ ಏಳುತ್ತಿದ್ದ.

ಹೀಗಾಗಿ ಸುಮಿತ್ರಾಬಾಯಿ ಗಡಿಯಾರಕ್ಕೆ ಬೆಲೆ ಕೊಟ್ಟವಳೇ ಅಲ್ಲ. ಬಸ್ ಸ್ಟ್ಯಾಂಡ್ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ "ನಾಕ ರೊಟ್ಟಿ" ಎನ್ನುತ್ತಿದ್ದಳು. ಅನ್ನ ಕುದಿಯಲು ಎಷ್ಟು ಹೊತ್ತು? "ಆರ ರೊಟ್ಟಿ." ಝಳಕಿಯ ಬಸ್ಸು ಯಾವಾಗ ಬರುತ್ತದೆ? "ಅದು ಬರೂದ್ರಾಗ ಒಂದು ಲಗ್ನದ ರೊಟ್ಟಿ ಆಗ್ತಾವ." ಖಾನಾವಳಿಯ ಮಾಲೀಕ ರಸೂಲಸಾಬ ಒಮ್ಮೆ ಆಕೆಯ ಲೆಕ್ಕ ಪರೀಕ್ಷಿಸಲು ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡು ಕುಳಿತ. ಎರಡಕ್ಕೂ ತಾಳೆಯಾಗಲಿಲ್ಲ. ಸುಮಿತ್ರಾಬಾಯಿ ಗಡಿಯಾರದ ಕಡೆ ಕರುಣೆಯಿಂದ ನೋಡಿ, "ಅದನ್ನ ರಿಪೇರಿಗೆ ಹಾಕು ತಮ್ಮಾ" ಎಂದಳು. ರಸೂಲಸಾಬ ಹಾಕಿದ. ಅದು ನಿಜಕ್ಕೂ ಕೆಟ್ಟಿತ್ತು. ಆ ದಿನದಿಂದ ಆಕೆಯ ಹೆಮ್ಮೆ ಓಣಿಯ ಅಗಲ ಸಾಲದೆ ಮುಖ್ಯರಸ್ತೆಗೆ ಬಂತು.

ಇಂಥವಳ ಗಂಡ ಮಡಿವಾಳಪ್ಪ. ವಾಯುಪಡೆಯಲ್ಲಿ ಹದಿನೈದು ವರ್ಷ ವಿಮಾನದ ಮೀಟರುಗಳನ್ನು ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿ, ತಾನು ಮಾತ್ರ ನೆಲದ ಮೇಲೇ ಇದ್ದು ನಿವೃತ್ತನಾಗಿ ಬಂದವನು. ಈಗ ಮೋಟಾರು ರಿವೈಂಡಿಂಗ್ ಅಂಗಡಿ. ಪಂಪ್‌ಸೆಟ್ ರಿಪೇರಿಗೆ ಬಂದ ರೈತರಿಗೆ ಆತ ಮೊದಲು ಮೂವತ್ತು ಸಾವಿರ ಅಡಿ ಎತ್ತರದ ಗಾಳಿಯ ಒತ್ತಡ ವಿವರಿಸಿ, ಆಮೇಲೆ ಅವರ ಬಾವಿಯ ಆಳ ಕೇಳುತ್ತಿದ್ದ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಒಂದು ದಿನ ಝಳಕಿಯಿಂದ ರಾವಸಾಬ ಮಾಸ್ತರರು ಬಂದರು, ಜೊತೆಗೆ ಮಗಳು ಸುಮಂಗಲಾ. ಹುಡುಗಿ ಬಿ.ಎಸ್ಸಿ. ಮುಗಿಸಿದ್ದಳು, ಎನ್‌ಸಿಸಿಯಲ್ಲಿದ್ದಳು. ಹೆಣ್ಣುಮಕ್ಕಳನ್ನೂ ಪೈಲಟ್ ಮಾಡುತ್ತಾರೆಂಬ ಜಾಹೀರಾತು ನೋಡಿ ಅರ್ಜಿ ಹಾಕಿದ್ದಳು. ಮೈಸೂರಿನ ಆಯ್ಕೆ ಮಂಡಳಿಯಿಂದ ಕರೆ ಬಂದಿತ್ತು. ಸುತ್ತಮುತ್ತ ವಿಮಾನದ ಬಗ್ಗೆ ಅಧಿಕಾರಯುತವಾಗಿ ಮಾತಾಡುವವನು ಮಡಿವಾಳಪ್ಪ ಒಬ್ಬನೇ. ಮಾತಾಡಲು ಆತನಿಗೂ ಯಾರೋ ಒಬ್ಬರು ಬೇಕಾಗಿದ್ದರು.

"ಅಲ್ಲಿ ಮಾತುಕತಿ, ಇಂಟರ್‌ವ್ಯೂ ಎಲ್ಲಾ ಇರ್ತಾವ. ಅವು ಸಸಾರ. ಖರೇ ಕಂಟಕ ಅಂದ್ರ ಪ್ಯಾಬ್ಟಿ," ಎಂದ ಮಡಿವಾಳಪ್ಪ. "ಪೈಲಟ್ ಆ್ಯಪ್ಟಿಟ್ಯೂಡ್ ಬ್ಯಾಟರಿ ಟೆಸ್ಟ್."

"ಬ್ಯಾಟರಿ ಅಂದ್ರ ಸೆಲ್ ಒಯ್ಯಬೇಕೇನ್ರಿ?" ಒಲೆಯ ಕಡೆಯಿಂದ ಸುಮಿತ್ರಾಬಾಯಿ ಕೇಳಿದಳು.

"ನೀ ರೊಟ್ಟಿ ಬಡಿ."

ಮೂವತ್ತು ವರ್ಷ ಮಕ್ಕಳಿಗೆ ಅಂಕ ಹಾಕಿದ್ದ ಮಾಸ್ತರರಿಗೆ ಬೇರೊಂದು ಚಿಂತೆ. "ಔಟ್ ಆಫ್ ಎಷ್ಟ್ರಿ ಅದು?"

"ಹೇಳಂಗಿಲ್ರಿ."

"ಪಾಸಿಂಗ್ ಎಷ್ಟಕ್ಕ?"

"ಅದೂ ಹೇಳಂಗಿಲ್ಲ."

"ಮಾರ್ಕ್ಸ್ ಕಾರ್ಡು?"

"ಕೊಡಂಗಿಲ್ಲ. ಎಲ್ಲಾರ್ನೂ ನಿಲ್ಲಿಸಿ ಪಾಸಾದವರ ನಂಬರ್ ಅಷ್ಟ ಕೂಗ್ತಾರ. ಉಳಿದವರು ಟ್ರಂಕ್ ತಗೊಂಡು ಸ್ಟೇಶನ್ನಿಗೆ."

"ರೀಟೋಟಲಿಂಗ್ ಹಾಕಿದ್ರ? ಸಪ್ಲಿಮೆಂಟರಿ?"

"ಮಾಸ್ತರ್ರs, ಜನ್ಮದಾಗ ಒಂದs ಸಲರಿ ಅದು. ಒಮ್ಮಿ ಫೇಲಾದ್ರ ಮುಂದ ಡೆಹ್ರಾಡೂನಿಗೆ ಹೋದ್ರೂ ಕೂಡ್ಸಂಗಿಲ್ಲ, ವಾರಾಣಸಿಗೆ ಹೋಗಿ ಗಂಗ್ಯಾಗ ಮುಳುಗಿ ಬಂದ್ರೂ ಕೂಡ್ಸಂಗಿಲ್ಲ. ಪೈಲಟ್ ಆಗೂ ಮಾತು ಅಲ್ಲಿಗೆ ಮುಗೀತು."

ಮಾಸ್ತರರ ಮುಖ ಸಪ್ಪಗಾಯಿತು. "ಇದು ಪರೀಕ್ಷಾನೋ ಲಗ್ನಾನೋ?"

"ಲಗ್ನನ ಬಿಡ್ರಿ," ಎಂದಳು ಸುಮಿತ್ರಾಬಾಯಿ, ಗಂಡನ ಕಡೆ ನೋಡುತ್ತ. "ಒಂದs ಸಲ, ಮಾರ್ಕ್ಸೂ ಹೇಳಂಗಿಲ್ಲ. ಪಾಸಾದ್ನೋ ಇಲ್ಲೋ ಅಂತ ನಾನೂ ಇವರಿಗೆ ಇನ್ನಾ ಹೇಳಿಲ್ಲ."

ಸುಮಂಗಲಾ ಮಾತ್ರ ನಗಲಿಲ್ಲ. ಸಣ್ಣವಳಿದ್ದಾಗಿನಿಂದ ಹೆದ್ದಾರಿಯ ಲಾರಿಗಳನ್ನು ನೋಡಿ ಬೇಸತ್ತು ಮೇಲೆ ನೋಡುವುದನ್ನು ಕಲಿತ ಹುಡುಗಿ ಅವಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ, ಅದು ಸಿಗುವುದು ಅಥವಾ ತಪ್ಪುವುದು ಒಂದೇ ಸಲ. "ಕಾಕಾ," ಎಂದಳು ಮೆಲ್ಲಗೆ, "ಮಾರ್ಕ್ಸ್ ಹೇಳಂಗಿಲ್ಲ ಅಂದ್ರೂ ಹಾಕ್ತಾರಲ್ಲ? ಹ್ಯಾಂಗ ಹಾಕ್ತಾರ ಅಷ್ಟ ಹೇಳ್ರಿ."

ಮಡಿವಾಳಪ್ಪನ ಜೀವನದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತಾನು ಸೇವೆಯಲ್ಲಿದ್ದಾಗ ಅವರಿವರ ಬಾಯಲ್ಲಿ ಕೇಳಿದ್ದನ್ನೆಲ್ಲ ಆತ ಪಡಸಾಲೆಯಲ್ಲಿ ಹರವಿದ. ಪರೀಕ್ಷೆಯಲ್ಲಿ ಮೂರು ಭಾಗ. ಮೊದಲನೆಯದು ಕಾಗದದ ಮೇಲೆ: ಮೀಟರುಗಳ ಚಿತ್ರ ಕೊಡುತ್ತಾರೆ, ಮುಳ್ಳು ನೋಡಿ ವಿಮಾನ ಏರುತ್ತಿದೆಯೋ ಇಳಿಯುತ್ತಿದೆಯೋ, ಯಾವ ದಿಕ್ಕಿಗೆ ವಾಲಿದೆಯೋ ಗುರುತಿಸಬೇಕು. ಕೊನೆಯದರಲ್ಲಿ ಉರುಳುವ ಡ್ರಮ್ಮಿನ ಮೇಲೆ ಅಂಕುಡೊಂಕಾಗಿ ಚುಕ್ಕಿಗಳು ಬರುತ್ತವೆ, ಹಿಡಿಕೆ ತಿರುಗಿಸಿ ಮುಳ್ಳನ್ನು ಅವುಗಳ ಮೇಲೆ ಹಾಯಿಸಬೇಕು. ಮುಟ್ಟಿದ ಚುಕ್ಕಿಯಷ್ಟೇ ಲೆಕ್ಕ. ನಡುವಿನದೇ ಮಹಾಮಾರಿ. ಕುರ್ಚಿಯಲ್ಲಿ ಕೂಡಿಸುತ್ತಾರೆ. ಎದುರಿಗೆ ಒಂದು ಬೆಳಕಿನ ಚುಕ್ಕಿ, ಅದರ ಸುತ್ತ ಒಂದು ಚೌಕ. ಚುಕ್ಕಿ ತನ್ನಷ್ಟಕ್ಕೇ ಓಡಿಹೋಗುತ್ತಿರುತ್ತದೆ. ಕೈಯಲ್ಲಿನ ದಂಡದಿಂದ ಮೇಲೆ ಕೆಳಗೆ, ಕಾಲಲ್ಲಿನ ಪೆಡಲಿನಿಂದ ಎಡಕ್ಕೆ ಬಲಕ್ಕೆ ಮಾಡಿ ಅದನ್ನು ಚೌಕದೊಳಗೇ ಹಿಡಿದಿಡಬೇಕು. ನಡುನಡುವೆ ಕೆಂಪು, ಹಸಿರು ದೀಪ ಹತ್ತುತ್ತವೆ, ಗಂಟೆ ಹೊಡೆಯುತ್ತದೆ. ಎಡಗೈಯ ಸನ್ನೆಗೋಲಿನಿಂದ ಅವನ್ನೂ ಆರಿಸಬೇಕು.

"ಚುಕ್ಕಿ ಒಳಗಿದ್ದದ್ದಕ್ಕ ಯಾರೂ ಶಾಬಾಸ್ ಅನ್ನಂಗಿಲ್ಲ," ಎಂದ ಮಡಿವಾಳಪ್ಪ. "ಹೊರಗಿದ್ದ ಹೊತ್ತನ್ನ ಮಶೀನು ಎಣಿಸ್ತದ. ದೀಪ ಆರಿಸಾಕ ತಡಾ ಮಾಡಿದ ಹೊತ್ತನ್ನೂ ಎಣಿಸ್ತದ. ಸ್ವಲ್ಪ ಹೊರಗ ಹೋದ್ರೂ ಹೊರಗನ, ದೂರ ಹೋದ್ರೂ ಹೊರಗನ. ಅದಕ್ಕ ಹೋತಲ್ಲಾ ಅಂತ ಅಳಬಾರದು, ಲಗೂನ ತಿರುಗಿಸಿ ತರಬೇಕು. ಮೊದಲ ಎರಡು-ಮೂರು ಸರ್ತಿ ರೂಢಿಗೆ ಬಿಡ್ತಾರ, ಆಮ್ಯಾಲಿಂದು ಲೆಕ್ಕಕ್ಕ. ಮೂರೂ ಪರೀಕ್ಷಾದ್ದು ಕೂಡ್ಸಿ ತೂಗಿ ಒಂದು ಗೆರಿ ಹಾಕ್ತಾರ. ಗೆರಿ ಮ್ಯಾಲಿದ್ದವರು ಆಕಾಶಕ್ಕ, ಕೆಳಗಿದ್ದವರು ಊರಿಗೆ."

"ಅಂದ್ರ ಪ್ಯಾಬ್ಟಿ ಅಂದ್ರ ಪಾವಟಗಿ," ಎಂದು ಸುಮಿತ್ರಾಬಾಯಿ ತೀರ್ಪು ಕೊಟ್ಟಳು. "ಆಕಾಶಕ್ಕ ಹತ್ತೂ ಮೊದಲನೇ ಪಾವಟಗಿ. ಸರಳ ಹೆಸರಿಡಾಕ ಬರಂಗಿಲ್ಲ ಇವರಿಗೆ." ನಮ್ಮ ಕಡೆ ಮೆಟ್ಟಿಲಿಗೆ ಪಾವಟಗಿ ಎನ್ನುತ್ತಾರೆ. ಆವತ್ತಿನಿಂದ ಸಂಬಂಧಪಟ್ಟವರೆಲ್ಲರ ಬಾಯಲ್ಲಿ, ಕೊನೆಗೆ ಮಾಸ್ತರರ ಬಾಯಲ್ಲಿ ಕೂಡ, ಅದು ಪಾವಟಗಿ ಪರೀಕ್ಷೆಯೇ ಆಯಿತು. ಆ ಹೆಸರು ಮುಂದೆ ಎಂಥ ಅನಾಹುತ ಮಾಡಲಿದೆಯೆಂದು ಅಂದು ಯಾರಿಗೂ ಹೊಳೆಯಲಿಲ್ಲ.

ದುಷ್ಟಸಂಹಾರಕ್ಕೆ ಹೊರಟ ದೇವಿಗೆ ದೇವತೆಗಳೆಲ್ಲ ಒಂದೊಂದು ಆಯುಧ ಕೊಟ್ಟರಂತೆ. ಸುಮಂಗಲಾಗೆ ನಾಲ್ಕು ತಾಲೂಕುಗಳು ಕೊಟ್ಟವು. ಬಾಗೇವಾಡಿಯ ಹಡಪದನ ಕ್ಷೌರದ ಅಂಗಡಿಯಿಂದ ಕಾಲು ಮುರಿದ ತಿರುಗು ಕುರ್ಚಿ ಬಂತು. ಮುದ್ದೇಬಿಹಾಳದ ನೇಕಾರ ಮುದುಕಿ ಸಾತವ್ವ ತನ್ನ ಹಳೆಯ ಮಗ್ಗದ ಎರಡು ಕಾಲುಹಲಗೆ ಕಳಿಸಿದಳು, ಅವು ಪೆಡಲುಗಳಾದವು. ಸಿಂದಗಿಯ ಟ್ರ್ಯಾಕ್ಟರ್ ಗ್ಯಾರೇಜಿನ ಜೈನುದ್ದೀನ ಒಂದು ಗೇರ್ ದಂಡ, ಜೊತೆಗೆ ಸ್ಕೂಟರಿನ ಎರಡು ದೀಪ ಕೊಟ್ಟ. ಇಂಡಿಯ ಪಾಲಿಗೆ ಬೆಳಕಿನ ಚುಕ್ಕಿ ಒದಗಿಸುವ ಹೊಣೆ ಬಂತು. ಇಂಡಿ ಯಾವುದಕ್ಕೆ ಹೆಸರಾಗಿದೆಯೋ ಅದನ್ನೇ ಕೊಟ್ಟಿತು: ಒಂದು ನಿಂಬೆಹಣ್ಣು.

ಮಡಿವಾಳಪ್ಪನ ಅಂಗಳದ ಮೂಲೆಯಲ್ಲಿ, ಪಡಸಾಲೆಗೆ ಎದುರಾಗಿ, ನಿಂಬೆಹಣ್ಣನ್ನು ದಾರಗಳಿಂದ ತೂಗುಹಾಕಿ, ಆ ದಾರಗಳನ್ನು ರಾಟಿಗಳ ಮೇಲೆ ಹಾಯಿಸಿ, ಪೆಡಲಿಗೂ ದಂಡಕ್ಕೂ ಕಟ್ಟಿದ್ದಾಯಿತು. ಅದರ ಹಿಂದೆ ಹಿಟ್ಟು ಜರಡಿ ಹಿಡಿಯುವ, ಹರಿದುಹೋದ ಸಾಣಿಗೆಯ ಬಳೆಯನ್ನು ನಿಲ್ಲಿಸಿದ್ದಾಯಿತು. ನಿಂಬೆಹಣ್ಣು ಆ ಬಳೆಯೊಳಗೇ ಕಾಣಬೇಕು. ಮಡಿವಾಳಪ್ಪ ಹಿಂದೆ ಕುಳಿತು ಇನ್ನೊಂದು ದಾರ ಹಿಡಿದು ಎತ್ತೆತ್ತಲೋ ಜಗ್ಗುವನು, ಎಮ್ಮೆಯ ಕೊರಳಗಂಟೆ ಬಾರಿಸುವನು, ದೀಪ ಹತ್ತಿಸುವನು. ವಿಧಿ ಎಂದರೆ ಹೇಗಿರುತ್ತದೆಂದು ನೋಡಬೇಕಾದವರು ಆಗ ಆತನ ಮುಖ ನೋಡಬೇಕಿತ್ತು.

ತೊಡಕು ಬಂದದ್ದು ಎಣಿಕೆಗೆ. ಮಡಿವಾಳಪ್ಪನ ಬಳಿ ಒಂದು ಸ್ಟಾಪ್‌ವಾಚ್ ಇತ್ತು. ಮಾಸ್ತರರು ಅದನ್ನು ಹಿಡಿದು ನಿಂತರು. ಗಡಿಯಾರ ನೋಡಿದರೆ ನಿಂಬೆಹಣ್ಣು ತಪ್ಪುತ್ತಿತ್ತು. ನಿಂಬೆಹಣ್ಣು ನೋಡಿದರೆ ಗುಂಡಿ ಒತ್ತುವುದು ತಪ್ಪುತ್ತಿತ್ತು. ಎರಡನ್ನೂ ನೋಡಲು ಹೋಗಿ ಮಾಸ್ತರರ ಕತ್ತು ಉಳುಕಿತು.

ಆಗ ಪಡಸಾಲೆಯಿಂದ ಧ್ವನಿ ಬಂತು. "ಏಳು ಬಡತ ಹೊರಗಿತ್ತು."

ಎಲ್ಲರೂ ತಿರುಗಿದರು. ಸುಮಿತ್ರಾಬಾಯಿಯ ಕಣ್ಣು ನಿಂಬೆಹಣ್ಣಿನ ಮೇಲೆ, ಅಂಗೈ ರೊಟ್ಟಿಯ ಮೇಲೆ. "ಏನ್ ನೋಡ್ತೀರಿ? ಹೊರಗ ಹೋದಾಗಿಂದ ಒಳಗ ಬರೂತನಕ ಏಳು ಬಡತ. ಅದರ ಮುಂದಿನ ಸರ್ತಿ ಒಂಬತ್ತು. ಕೈಗೆ ಕಣ್ಣು ಬೇಕೇನ್ರಿ?"

ಹೀಗೆ ಸುಮಿತ್ರಾಬಾಯಿ ಪರೀಕ್ಷಕಿಯ ಪೀಠಕ್ಕೆ ಏರಿದಳು. ಸಣ್ಣ ಮಾನ ಬಡಿತ, ದೊಡ್ಡ ಮಾನ ರೊಟ್ಟಿ. ನಿಂಬೆಹಣ್ಣು ಹೊರಗೆ ಹೋದ ಕೂಡಲೇ ಆಕೆ ಗಟ್ಟಿಯಾಗಿ ಎಣಿಸಲು ಶುರುಮಾಡುವಳು, ಒಳಗೆ ಬಂದ ಕೂಡಲೇ ನಿಲ್ಲಿಸುವಳು. ದೀಪ ಆರಿಸುವ ತನಕವೂ ಎಣಿಕೆ. ಮೊದಲ ದಿನದ ಫಲಿತಾಂಶ ಪ್ರಕಟವಾದದ್ದು ಹೀಗೆ: "ಹದಿಮೂರು ರೊಟ್ಟಿ ಹೊರಗ. ರಸೂಲಸಾಬನ ಖಾನಾವಳಿಗೆ ಇಷ್ಟ ಸಾಕು."

ಸುಮಂಗಲಾಳ ತಪ್ಪಿಗೆ ಕಾರಣ ಅವಳ ಸೈಕಲ್ಲು. ಸೈಕಲ್ಲಿನಲ್ಲಿ ಬಲಗೈ ಮುಂದೊತ್ತಿದರೆ ಗಾಲಿ ಎಡಕ್ಕೆ ಹೋಗುತ್ತದೆ. ಇಲ್ಲಿ ಬಲಗಾಲು ಒತ್ತಿದರೆ ನಿಂಬೆಹಣ್ಣು ಬಲಕ್ಕೇ ಹೋಗುತ್ತಿತ್ತು. ಅವಳ ಕಾಲು ವರ್ಷಾನುವರ್ಷದ ಅಭ್ಯಾಸದಿಂದ ತಿರುವುಮುರುವು ಒತ್ತುತ್ತಿತ್ತು.

"ಸೈಕಲ್ ಮರಿ, ಹುಡುಗಿ! ನೀ ಇಲ್ಲಿ ಹೊರ್ತಿ ಸಂತಿಗೆ ಹೊಂಟಿಲ್ಲ," ಎಂದು ಸುಮಿತ್ರಾಬಾಯಿ ಗದರುವಳು.

"ಮರೀತೇನಿ ಕಾಕು, ನೀವು ಬೈಯೂದು ನಿಲ್ಲಸ್ರಿ."

"ಬೈದ್ರ ಕೈ ತಪ್ಪೂ ಪೈಲಟ್ ನನಗ ಬ್ಯಾಡ."

ಪರೀಕ್ಷಕಿ ನಿಷ್ಪಕ್ಷಪಾತಿ ಎಂದು ನಾನು ಹೇಳಿದರೆ ಓಣಿಯವರು ನಗುತ್ತಾರೆ. ವಾಯುಪಡೆಯ ನಿಯಮಗಳಲ್ಲಿ ಎಲ್ಲಿಯೂ ಇಲ್ಲದ ಕಲಮುಗಳನ್ನು ಆಕೆ ತಾನೇ ಸೇರಿಸಿದ್ದಳು. ನಾಲಿಗೆ ಹೊರಗೆ ಹಾಕಿದರೆ ಒಂದು ಬಡಿತ ದಂಡ. "ಯವ್ವಾ" ಎಂದು ಚೀರಿದರೆ ಎರಡು. ನಿಂಬೆಹಣ್ಣಿಗೆ ಬೈದರೆ ಅರ್ಧ ರೊಟ್ಟಿ. ಮಾಸ್ತರರು ಪಕ್ಕದಲ್ಲಿ ನಿಂತು "ಭೇಷ್" ಎಂದರೆ ಒಂದು ಇಡೀ ರೊಟ್ಟಿ, ಅದೂ ಮಗಳ ಲೆಕ್ಕಕ್ಕೆ. ಒಮ್ಮೆ ಮಡಿವಾಳಪ್ಪ ತಾನೂ ಒಂದು ಕೈ ನೋಡುತ್ತೇನೆಂದು ಕುರ್ಚಿ ಏರಿದ. ಆತನ ಫಲಿತಾಂಶ ಆಕೆ ಇಂದಿಗೂ ಹೇಳಿಲ್ಲ. ಆದರೆ ಆ ದಿನ ಮನೆಯಲ್ಲಿ ಹಿಟ್ಟು ಮುಗಿದಿತ್ತು ಎಂಬುದು ಓಣಿಗೆಲ್ಲ ಗೊತ್ತು.

ದಿನ ಕಳೆದಂತೆ ರೊಟ್ಟಿ ಕಡಿಮೆಯಾದವು. ಹದಿಮೂರು ಎಂಟಾಯಿತು, ಎಂಟು ಮೂರಾಯಿತು. ನಿಂಬೆಹಣ್ಣು ಒಣಗಿ ಹೊಸದನ್ನು ಕಟ್ಟಿದರು, ಅದೂ ಒಣಗಿತು. ಕೊನೆಗೊಂದು ಮಧ್ಯಾಹ್ನ ಮಡಿವಾಳಪ್ಪ ಹುಚ್ಚನ ಹಾಗೆ ದಾರ ಜಗ್ಗಿ, ಗಂಟೆ ಬಾರಿಸಿ, ಬೆವರಿಳಿಸಿ ಕುಳಿತಾಗಲೂ ಸುಮಿತ್ರಾಬಾಯಿಯ ಬಾಯಿಂದ ಎಣಿಕೆ ಹೊರಟದ್ದು ಎರಡೇ ಸಲ. "ಐದು ಬಡತ," ಎಂದಳು. ಆಮೇಲೆ, ಒಳ್ಳೆಯ ಮಾತು ಹೇಳಿ ರೂಢಿಯಿಲ್ಲದವರಂತೆ ತಡವರಿಸಿ, "ರೊಟ್ಟಿ ಉಣ್ತಿಯೇನs?" ಎಂದಳು.

ಹೊರಡುವ ದಿನ ಆಕೆ ಒಣಗಿಸಿದ ಕಟಕ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಹಿಂಡಿಯ ಚಟ್ನಿಪುಡಿ ಕಟ್ಟಿಕೊಟ್ಟಳು. ಜೊತೆಗೆ ಹೊರಟವರು ರಾವಸಾಬ ಮಾಸ್ತರರು. ಸುಮಂಗಲಾಳ ತಾಯಿ ಸಾವಂತ್ರವ್ವ ಝಳಕಿಯಲ್ಲಿ ಒಬ್ಬಳೇ ಕುಳಿತು ಎದೆ ಹೊಡೆದುಕೊಳ್ಳುವುದು ಬೇಡವೆಂದು ಇಂಡಿಗೆ ಬಂದು ಸುಮಿತ್ರಾಬಾಯಿಯ ಮನೆಯಲ್ಲೇ ಉಳಿದಳು.

ಮೈಸೂರಿನಲ್ಲಿ ನಡೆದದ್ದನ್ನು ಸುಮಂಗಲಾ ಆಮೇಲೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಕಾಗದದ ಪರೀಕ್ಷೆ ಸಲೀಸಾಯಿತು. ಆಮೇಲೆ ಅವಳನ್ನು ಮಶೀನಿನ ಕುರ್ಚಿಯಲ್ಲಿ ಕೂಡಿಸಿದರು. ಎಲ್ಲವೂ ಗೊತ್ತಿದ್ದದ್ದೇ: ದಂಡ, ಪೆಡಲು, ದೀಪ. ಆದರೆ ಸಪ್ಪಳ ಇಲ್ಲ! ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಶೀನಿನ ಸಣ್ಣ ಗುಂಯ್ ಬಿಟ್ಟರೆ ಮೌನ. ವಾರಗಟ್ಟಲೆ ರೊಟ್ಟಿಯ ತಾಳಕ್ಕೆ ನಿಂಬೆಹಣ್ಣು ಕುಣಿಸಿದ್ದ ಕಾಲಿಗೆ ತಾಳವೇ ಸಿಗಲಿಲ್ಲ. ರೂಢಿಯ ಮೊದಲ ಸರದಿಯಲ್ಲಿ ಬೆಳಕಿನ ಚುಕ್ಕಿ ಚೌಕ ಬಿಟ್ಟು ಎತ್ತಲೋ ಮೇಯಲು ಹೋಯಿತು. ಎರಡನೆಯದರಲ್ಲೂ ಹಾಗೇ. ಇನ್ನು ಲೆಕ್ಕದ ಸರದಿ, ಜನ್ಮದಲ್ಲಿ ಅದೊಂದೇ.

ಕೈ ಖಾಲಿ ಇರಲಿಲ್ಲ, ಕಾಲು ಖಾಲಿ ಇರಲಿಲ್ಲ. ಖಾಲಿ ಇದ್ದದ್ದು ಬಾಯಿ. ಸುಮಂಗಲಾ ಅಂಗುಳಕ್ಕೆ ನಾಲಿಗೆ ಹಚ್ಚಿ ಬಡಿಯತೊಡಗಿದಳು: ಟಪ್, ಟಪ್, ಟಪ್.

ಕೋಣೆಯಲ್ಲಿದ್ದ ಅಧಿಕಾರಿ ಮಶೀನು ಕೆಟ್ಟಿತೆಂದು ಗಾಬರಿಯಾದ. ಮಶೀನಿನ ಹಿಂದೆ ಹೋಗಿ ಕಿವಿಗೊಟ್ಟ. ಆಮೇಲೆ ಅವಳ ಕಡೆ ಬಂದು, ಇದೇನು ಸಪ್ಪಳ ಎಂದು ಹಿಂದಿಯಲ್ಲಿ ಕೇಳಿದ. "ಯೇ ಕ್ಯಾ ಆವಾಜ್ ಹೈ?"

"ರೋಟಿ, ಸರ್," ಎಂದಳು ಸುಮಂಗಲಾ, ಚುಕ್ಕಿಯಿಂದ ಕಣ್ಣು ತೆಗೆಯದೆ.

"ಭೂಕ್ ಲಗೀ ಹೈ ಕ್ಯಾ?"

"ನಹೀಂ ಸರ್, ಟೈಮ್ ದೇಖ್ ರಹೀ ಹೂಂ." ಹಸಿವಿಲ್ಲ, ಹೊತ್ತು ನೋಡುತ್ತಿದ್ದೇನೆ ಎಂದಳು. ಕೆಂಪು ದೀಪ ಹತ್ತಿತು, ಎಡಗೈ ಆರಿಸಿತು. ಟಪ್, ಟಪ್.

ಆತ ಹೋಗಿ ತನ್ನ ಜಾಗದಲ್ಲಿ ಕುಳಿತ. ಅಭ್ಯರ್ಥಿ ಬಾಯಿ ಮುಚ್ಚಿರಬೇಕೆಂದು ಬಹುಶಃ ಯಾವ ನಿಯಮವೂ ಇರಲಿಲ್ಲ.

ಇತ್ತ ಇಂಡಿಯಲ್ಲಿ ದಿನಗಳು ಕಳೆದವು, ಸುದ್ದಿಯಿಲ್ಲ. ಮಡಿವಾಳಪ್ಪನ ಮನೆಯಲ್ಲಿ ಫೋನಿರಲಿಲ್ಲ. ಬಸ್ ಸ್ಟ್ಯಾಂಡಿನ ಬಳಿ ಎಸ್‌ಟಿಡಿ ಬೂತಿನ ನಿಜಾಮುದ್ದೀನನ ನಂಬರು ಕೊಟ್ಟು ಕಳಿಸಿದ್ದರು. ನಿಜಾಮುದ್ದೀನ ಒಳ್ಳೆಯವನು. ಒಂದೇ ಒಂದು ಗುಣ: ಕೇಳಿದ್ದನ್ನು ಕೇಳಿದಷ್ಟೇ ಹೇಳಿದರೆ ಕೇಳುವವರಿಗೆ ಅನ್ಯಾಯವಾಗುತ್ತದೆಂದು ತನ್ನ ಕೈಯಿಂದ ಸ್ವಲ್ಪ ಸೇರಿಸಿ ಕೊಡುತ್ತಿದ್ದ.

ಒಂದು ಮಧ್ಯಾಹ್ನ ಅವನು ಬೂತಿಗೆ ಬೀಗ ಕೂಡ ಹಾಕದೆ ಓಡಿ ಬಂದ. ಓಣಿಯ ಬಾಯಲ್ಲೇ ಕೂಗಿದ. "ಕಾಕೂ! ಮಾಸ್ತರ್ರು ಫೋನ್ ಮಾಡಿದ್ರು! ಹುಡುಗಿ ಪಾವಟಗಿಂದ ಬಿದ್ದಾಳಂತ! ಮೆಡಿಕಲ್‌ಗೆ ಒಯ್ಯಾಕತ್ತಾರ, ಬೆಂಗಳೂರಿಗೆ! ಮಾಸ್ತರ್ರು ಹೋ ಅಂತ ಅಳಾಕತ್ತಾರ!"

ಸಾವಂತ್ರವ್ವ "ನನ್ನ ಮಗಳs!" ಎಂದವಳೇ ನೆಲಕ್ಕೆ ಕುಳಿತುಬಿಟ್ಟಳು. ಓಣಿಯ ಹೆಂಗಸರು ಕೂಡಿದರು. ಯಾರೋ ನೀರು ತಂದರು, ಯಾರೋ ಮೂಸಿಸಲು ಉಳ್ಳಾಗಡ್ಡಿ ತಂದರು, ಯಾರೋ ಮೈಸೂರಿನ ಪಾವಟಗಿಗಳು ಮೊದಲಿನಿಂದಲೂ ನುಣುಪು ಎಂದರು. ಪಕ್ಕದ ಮನೆಯ ಸಿದ್ದಲಿಂಗವ್ವ ಎಲುಬು ಕೂಡಿಸುವವನನ್ನು ಕರೆಯಲು ಹೊರಟೇಬಿಟ್ಟಳು.

ಆಗ ಓಣಿಯಲ್ಲಿ ಹಿಂದೆಂದೂ ಆಗದ ಒಂದು ಘಟನೆ ಆಯಿತು. ರೊಟ್ಟಿಯ ತಾಳ ನಿಂತಿತು. ಎದುರು ಮನೆಯ ಕೂಸು ಎಚ್ಚರಾಗಿ ಅತ್ತಿತು.

ಸುಮಿತ್ರಾಬಾಯಿ ಅರ್ಧ ಬಡಿದ ರೊಟ್ಟಿ ಬಿಟ್ಟು ಎದ್ದು ಬಂದಳು. ಹಿಟ್ಟಿನ ಕೈಯಿಂದಲೇ ನಿಜಾಮುದ್ದೀನನ ಅಂಗಿಯ ಕಾಲರು ಹಿಡಿದಳು. "ಖರೇ ಹೇಳು. ಮಾಸ್ತರ ಪಾವಟಗಿ ಅಂದ್ನೋ, ಪಾವಟಗಿಂದ ಅಂದ್ನೋ?"

"ಅಂದ್ರ... ಪಾವಟಗಿ..."

"ಬಿದ್ಲು ಅಂದ್ನಾ? ಬಾಯಿಬಿಟ್ಟು ಬಿದ್ಲು ಅಂದ್ನಾ?"

ನಿಜಾಮುದ್ದೀನ ಕಣ್ಣುಮುಚ್ಚಿ ನೆನಪಿಸಿಕೊಂಡ. "ಲೈನ್ ಭಾಳ ಕರಕರ ಅಂತಿತ್ತು ಕಾಕು. 'ಪಾವಟಗಿ ಮುಗೀತು, ಮೆಡಿಕಲ್‌ಗೆ ಒಯ್ಯಾಕತ್ತಾರ' ಅಂದ್ರು. ಆಮ್ಯಾಲ ಅಳಾಕತ್ರು. ಲೈನ್ ಕಟ್ಟಾತು."

"ಬಿದ್ಲು ಅನ್ನೂದು?"

"ಅದು... ಪಾವಟಗಿ ಅಂದಮ್ಯಾಲ ಮೆಡಿಕಲ್ ಅಂದ್ರ ನಡುವ ಬಿದ್ದಿರಾಕs ಬೇಕಲ್ರಿ? ಅದನ್ನ ನಾ ಹಚ್ಚಿದ್ದು."

ಸುಮಿತ್ರಾಬಾಯಿ ಗಂಡನ ಕಡೆ ತಿರುಗಿದಳು. "ರೀ, ಫೇಲಾದವರನ್ನ ಏನ್ ಮಾಡ್ತಾರ?"

"ಟ್ರಂಕ್ ಕೊಟ್ಟು ಮನಿಗೆ," ಎಂದ ಮಡಿವಾಳಪ್ಪ.

"ಪಾಸಾದವರನ್ನ?"

"ಅವತ್ತs ಬೆಂಗಳೂರಿಗೆ..." ಮಡಿವಾಳಪ್ಪನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. "ಮೆಡಿಕಲ್‌ಗೆ!"

ಆಮೇಲೆ ಸುಮಿತ್ರಾಬಾಯಿ ನಕ್ಕಳು ನೋಡಿ, ಬಸ್ ಸ್ಟ್ಯಾಂಡಿನವರೆಗೆ, ಅಂದರೆ ನಾಲ್ಕು ರೊಟ್ಟಿ ದೂರ ಕೇಳಿಸಿತಂತೆ. ಕೆಳಗೆ ಕುಳಿತಿದ್ದ ಸಾವಂತ್ರವ್ವನ ಎರಡೂ ಕೆನ್ನೆಗೆ ಹಿಟ್ಟಿನ ಕೈ ಒತ್ತಿ, "ಏಳs ನಮ್ಮವ್ವಾ! ನಿನ್ನ ಮಗಳು ಬಿದ್ದಿಲ್ಲ, ಹತ್ತ್ಯಾಳ!" ಎಂದಳು. ಸಾವಂತ್ರವ್ವ ಅಳುವುದನ್ನು ನಿಲ್ಲಿಸಲಿಲ್ಲ, ಆದರೆ ಅಳುವಿನ ಜಾತಿ ಬದಲಾಯಿತು. ನಿಜಾಮುದ್ದೀನ ಮೆಲ್ಲಗೆ ಜಾರಿಕೊಳ್ಳಲು ನೋಡಿದ. "ಎಲ್ಲಿಗೆ ಹೊಂಟಿ?" ಎಂದಳು ಸುಮಿತ್ರಾಬಾಯಿ. "ಬೂತಿಗೆ ಹೋಗಿ ಕೂಡು. ಮತ್ತ ಫೋನ್ ಬಂದ್ರ ಕೇಳಿದಷ್ಟ ಹೇಳು. ಒಂದಕ್ಷರ ಹಚ್ಚಿದ್ರ ನೋಡು, ನಿನಗ ಮೆಡಿಕಲ್."

ಸಂಜೆ ಮತ್ತೆ ಫೋನ್ ಬಂತು. ಮಾಸ್ತರರು ಈ ಸಲ ಅಳು ಮುಗಿಸಿ ಮಾತಾಡಿದರು. ಅವಳ ತಂಡದಲ್ಲಿ ಪಾವಟಗಿ ದಾಟಿದವರು ಬೆರಳೆಣಿಕೆಯಷ್ಟು ಜನ. ನಂಬರು ಕೂಗಿದಾಗ ಅವಳಿಗೆ ಅದು ತನ್ನದೆಂದೇ ಹೊಳೆದಿರಲಿಲ್ಲ, ಪಕ್ಕದವಳು ಚಿವುಟಿದಳಂತೆ. ನಿಜಾಮುದ್ದೀನ ಇದನ್ನೆಲ್ಲ ಒಂದಕ್ಷರ ಸೇರಿಸದೆ ಹೇಳಿದ. ಅವನ ಜೀವಮಾನದ ಅತ್ಯಂತ ಕಷ್ಟದ ಕೆಲಸ ಅದು.

ಆದರೆ ಮೊದಲಿನ ಸುದ್ದಿ ಆಗಲೇ ಬಸ್ಸು ಹತ್ತಿತ್ತು. ನಮ್ಮ ಕಡೆ ಕೆಟ್ಟ ಸುದ್ದಿ ಕುಳಿತು ಹೋಗುತ್ತದೆ, ಒಳ್ಳೆಯ ಸುದ್ದಿಗೆ ಸೀಟು ಸಿಗುವುದಿಲ್ಲ. ಮರುದಿನ ಬಾಗೇವಾಡಿಯ ಹಡಪದ ಅಂಗಡಿಯವನು ನೋವಿನೆಣ್ಣೆಯ ಬಾಟಲಿ ಹಿಡಿದು ಬಂದ. ಸಿಂದಗಿಯಿಂದ ಜೈನುದ್ದೀನ ಬಂದ. ಬೇಕಾದರೆ ಇರಲಿ ಎಂದು ತನ್ನ ಗ್ಯಾರೇಜಿನಲ್ಲಿ ತಾನೇ ಬೆಸೆದ ಕಬ್ಬಿಣದ ಊರುಗೋಲು ತಂದಿದ್ದ. ಮುದ್ದೇಬಿಹಾಳದ ಸಾತವ್ವ ಬಾಗಿಲಲ್ಲೇ ಹಾಡಿಕೊಂಡು ಅಳಲು ಸೆರಗು ಸಿದ್ಧಮಾಡಿಕೊಂಡು ಇಳಿದಳು. ಎಲ್ಲರನ್ನೂ ಸುಮಿತ್ರಾಬಾಯಿ ಒಳಗೆ ಕರೆದು, ವಿಷಯ ಹೇಳಿ, ರೊಟ್ಟಿ-ಎಣ್ಣೆಗಾಯಿ ಬಡಿಸಿದಳು. ಸಾತವ್ವ ಮಾತ್ರ ಇಷ್ಟು ದೂರ ಬಂದದ್ದು ವ್ಯರ್ಥವಾಗಬಾರದೆಂದು ಊಟವಾದ ಮೇಲೆ ಐದು ನಿಮಿಷ ಅತ್ತೇ ಹೋದಳು.

ಮೆಡಿಕಲ್ಲೂ ಆಯಿತು, ತರಬೇತಿಯ ಕರೆಯೂ ಬಂತು, ಸುಮಂಗಲಾ ಹೋದಳು. ರಾವಸಾಬ ಮಾಸ್ತರರಿಗೆ ಒಂದೇ ಕೊರತೆ. ದಾರಿಯಲ್ಲಿ ಸಿಕ್ಕವರೆಲ್ಲ "ಮಗಳಿಗೆ ಮಾರ್ಕ್ಸ್ ಎಷ್ಟು ಬಿದ್ದುವು?" ಎಂದು ಕೇಳುತ್ತಾರೆ, ಹೇಳಲು ಏನೂ ಇಲ್ಲ. ಕೆಲವು ದಿನ ತಡೆದುಕೊಂಡರು. ಆಮೇಲೆ ಒಮ್ಮೆ ಸಂತೆಯಲ್ಲಿ "ನೂರಕ್ಕ ನೂರು" ಎಂದುಬಿಟ್ಟರು. ಮಾತು ಇಂಡಿಗೆ ಮುಟ್ಟಿತು. ಸುಮಿತ್ರಾಬಾಯಿ ಆ ವಾರವೇ ಝಳಕಿಯ ಬಸ್ಸು ಹತ್ತಿ ಹೋಗಿ ಅವರನ್ನು ತಿದ್ದಿ ಬಂದಳು. "ಮಾಸ್ತರ್ರs, ಸುಳ್ಳು ಹೇಳಬ್ಯಾಡ್ರಿ. ಆಕಿ ಐದು ಬಡತದ ಹುಡುಗಿ. ಐದs ಹೇಳ್ರಿ, ತಿಳದವರಿಗೆ ತಿಳೀತೈತಿ."

ಎರಡು ವರ್ಷದ ಮೇಲೆ ಸುಮಂಗಲಾ ರಜೆಗೆ ಬಂದಳು. ನೀಲಿ ಸಮವಸ್ತ್ರ, ಎದೆಯ ಮೇಲೆ ಹೊಲಿದ ರೆಕ್ಕೆ. ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಡಿವಾಳಪ್ಪ ಎದ್ದು ನಿಂತು ಸೆಲ್ಯೂಟ್ ಹೊಡೆದ. ಹೊಡೆದು, ಯಾರಿಗೂ ಕಾಣದಂತೆ ಮುಖ ಒರೆಸಿಕೊಂಡ. ಸುಮಿತ್ರಾಬಾಯಿ ಏಳಲಿಲ್ಲ. ರೊಟ್ಟಿ ಬಡಿಯುತ್ತಲೇ ಅವಳನ್ನು ಮೇಲಿಂದ ಕೆಳಗೆ ನೋಡಿ, ಗದ್ದ ಎತ್ತಿ ಮೂಲೆಯ ಕಡೆ ತೋರಿಸಿದಳು. ಮಶೀನು ಅಲ್ಲೇ ಇತ್ತು, ಹೊಸ ನಿಂಬೆಹಣ್ಣು ಕಟ್ಟಿಸಿಕೊಂಡು.

"ಕಾಕು, ನಾ ಈಗ ಖರೇ ವಿಮಾನ ಹಾರಸ್ತೇನ್ರಿ!"

"ಅದನ್ನ ನಾ ನೋಡಿಲ್ಲ. ಇದನ್ನ ನೋಡ್ತೇನಿ. ಕೂಡು."

ಫ್ಲೈಯಿಂಗ್ ಆಫೀಸರ್ ಟೋಪಿ ತೆಗೆದು ಅಪ್ಪನ ಕೈಗೆ ಕೊಟ್ಟು, ಬಾಗೇವಾಡಿಯ ಕುರ್ಚಿಯಲ್ಲಿ ಕುಳಿತಳು. ಮಡಿವಾಳಪ್ಪ ದಾರ ಜಗ್ಗಿದ, ದೀಪ ಹತ್ತಿಸಿದ, ಎಮ್ಮೆಯ ಗಂಟೆ ಬಾರಿಸಿದ. ಪಡಸಾಲೆಯಿಂದ ಟಪ್ ಟಪ್ ಬರುತ್ತಲೇ ಇತ್ತು. ಎಣಿಕೆಯ ಧ್ವನಿ ಒಮ್ಮೆಯೂ ಹೊರಡಲಿಲ್ಲ. ನಿಂಬೆಹಣ್ಣು ಸಾಣಿಗೆಯ ಬಳೆಯೊಳಗೆ ತೊಟ್ಟಿಲಲ್ಲಿ ಮಲಗಿದಂತೆ ಮಲಗಿತ್ತು.

ಸರದಿ ಮುಗಿಯಿತು. ಎಲ್ಲರೂ ತೀರ್ಪಿಗಾಗಿ ಒಲೆಯ ಕಡೆ ತಿರುಗಿದರು.

"ಒಂದು ಬಡತ ದಂಡ," ಎಂದಳು ಸುಮಿತ್ರಾಬಾಯಿ.

ಓಣಿಗೆ ಓಣಿಯೇ ಪ್ರತಿಭಟಿಸಿತು. "ಯಾಕ್ರಿ ಕಾಕು? ಹಣ್ಣು ಹೊರಗs ಹೋಗಿಲ್ಲಲ್ಲ!" ಎಂದು ಸುಮಂಗಲಾಳೇ ಎದ್ದು ನಿಂತು ವಾದಿಸಿದಳು.

"ಹಣ್ಣು ಹೋಗಿಲ್ಲ. ನಿನ್ನ ಹಲ್ಲು ಹೋಗಿದ್ದುವಲ್ಲ? ಕೂತಾಗಿಂದ ನಗಾಕತ್ತೀದಿ," ಎಂದು ಸುಮಿತ್ರಾಬಾಯಿ ಬಿಸಿ ರೊಟ್ಟಿಯನ್ನು ಅವಳ ತಾಟಿಗೆ ಎಸೆದಳು. ಹಾಗೆ ಹೇಳುವಾಗ ಆಕೆಯ ಹಲ್ಲೂ ಹೊರಗೇ ಇದ್ದವು. ಆದರೆ ಪರೀಕ್ಷಕಿಗೆ ಬಡಿತದ ದಂಡ ಹಾಕುವ ಅಧಿಕಾರ ಆ ನಾಲ್ಕು ತಾಲೂಕುಗಳಲ್ಲಿ ಯಾರಿಗೂ ಇರಲಿಲ್ಲ.